ಆದರೆ, ಟೀಚರ್

ಕೊಯಾಯ್ಕೆಯ ಪೆಟ್ರೋಲ್ ಬಂಕಿನಲ್ಲಿ ವೈಫೈ ಪುಕ್ಕಟೆ.
ಸೋಮವಾರ ನಸುಕಿಗೆ ಟ್ಯಾಂಕು ತುಂಬುವಷ್ಟರಲ್ಲಿ
ವಾರಕ್ಕಾಗುವಷ್ಟು ಮಾತನ್ನೂ ತುಂಬಿಕೊಳ್ಳುತ್ತೇನೆ.
ಕಲಿಸಿದವಳು ತಂಗಿಯ ಮಗಳು ಯೊಸೆಲಿನ್:
"ರೇಡಿಯೋ ಅಲ್ಲ ದೊಡ್ಡಮ್ಮ, ಪಾಡ್‌ಕಾಸ್ಟ್.
ಇದು ನಿನಗಾಗಿ ಕಾಯುತ್ತೆ."

ಶಾಲೆಗೆ ಎಪ್ಪತ್ತೆರಡು ಕಿಲೋಮೀಟರ್ ಜಲ್ಲಿರಸ್ತೆ.
ಮೂವತ್ತನೆಯದರಲ್ಲಿ ರೇಡಿಯೋ ಕೆಮ್ಮುತ್ತದೆ,
ಗಡಿಯಾಚೆಯ ಅರ್ಜೆಂಟೀನಾದ ಹಾಡೊಂದು ಚೂರು ನುಸುಳಿ
ನಲವತ್ತರಲ್ಲಿ ಅದೂ ಸಾಯುತ್ತದೆ.
ಆಮೇಲೆ ಗಾಳಿ.
ಗಾಳಿ ಮತ್ತು ನಾನು, ಇಪ್ಪತ್ತಾರು ವರ್ಷ.

ಇಪ್ಪತ್ತಾರು ವರ್ಷ ಒಂದೇ ಕೋಣೆ, ಒಂದೇ ಒಲೆ,
ಒಂದರಿಂದ ಆರರವರೆಗೆ ಎಲ್ಲ ತರಗತಿ, ಎಲ್ಲ ಪಾಠ;
ಈ ವರ್ಷ ಒಂಬತ್ತು ಮಕ್ಕಳು.
ನನ್ನ ಪಾಠ ಹೇಗಿದೆಯೆಂದು ಕೇಳುವವರಿರಲಿಲ್ಲ.
ವರ್ಷಕ್ಕೊಮ್ಮೆ ಇನ್‌ಸ್ಪೆಕ್ಟರು ಬಂದು
ಬೆಂಕಿ ನಂದಿಸುವ ಸಿಲಿಂಡರಿನ ತಾರೀಖು ನೋಡಿ, ಸಹಿ ಹಾಕಿ,
ಕುರಿಮಾಂಸ ಹೊಗಳಿ ಹೋಗುತ್ತಿದ್ದರು.
ತರಬೇತಿಯೆಂದರೆ ರಜೆಯಲ್ಲಿ ಮೂರು ದಿನ,
ಪರದೆಯ ಮೇಲೆ ಬಾಣದ ಗುರುತು, ಒಣಗಿದ ಸ್ಯಾಂಡ್‌ವಿಚ್ಚು.

ಮೊದಲ ಧ್ವನಿ ಅಂತೊಫಗಾಸ್ತಾ ಕಡೆಯ
ಯಾವುದೋ ಗಣಿಯೂರಿನ ಟೀಚರಮ್ಮನದು. ಗರಗರ ಗಂಟಲು.
"ನಲವತ್ತೆರಡು ಮಕ್ಕಳ ಮುಂದೆ ಅತ್ತುಬಿಟ್ಟೆ," ಎಂದಳು,
"ಭಾಗಾಕಾರ ಹೇಳಿಕೊಡಲಾಗದೆ."
ಗಾಡಿ ನಿಲ್ಲಿಸಿದೆ.
ಹೀಗೂ ಹೇಳಬಹುದೇ? ಬಾಯಿಬಿಟ್ಟು?
ಊರಿಗೆಲ್ಲ ಕೇಳುವ ಹಾಗೆ?
ನಾನು ಅತ್ತಿದ್ದು ಸೌದೆ ಕೊಟ್ಟಿಗೆಯಲ್ಲಿ,
ಕೆಲಸಕ್ಕೆ ಸೇರಿದ ಆರನೆಯ ವರ್ಷ, ಹೊಗೆಯ ನೆಪ ಮಾಡಿ.

ಅಂದಿನಿಂದ ಅವರೊಡನೆ ಜಗಳ, ಗೆಳೆತನ.
ಬೊಗೊಟಾದ ಮೇಷ್ಟ್ರೊಬ್ಬ, ಓದಲು ಬಾರದ ಹನ್ನೆರಡರ ಹುಡುಗಿಗೆ
ಬಸ್ಸಿನ ಕಿಟಕಿಯ ಅಂಗಡಿ ಬೋರ್ಡುಗಳಿಂದ ಅಕ್ಷರ ಕಲಿಸಿದನಂತೆ.
ನಮ್ಮಲ್ಲಿ ಬೋರ್ಡು ಒಂದೇ: ಜಾರುವ ರಸ್ತೆ, ಎಚ್ಚರ.
"ಪ್ರಶ್ನೆ ಕೇಳಿ ಏಳು ಸೆಕೆಂಡು ಕಾಯಿರಿ" ಎನ್ನುತ್ತಾನೆ ಇನ್ನೊಬ್ಬ.
"ನಿನಗೇನು ಗೊತ್ತಯ್ಯ, ನನಗಿರೋದು ಆರು ತರಗತಿ!"
ಸ್ಟೀರಿಂಗಿಗೆ ಗದರುತ್ತೇನೆ.
ಸೋರೆಬುರುಡೆಯಲ್ಲಿ ಕಷಾಯ ಆರುತ್ತದೆ.
ಸೇತುವೆ ದಾಟುವಷ್ಟರಲ್ಲಿ ಅವನೇ ಸರಿಯೆನ್ನಿಸಿ
ಸಿಟ್ಟು ಇಮ್ಮಡಿಯಾಗುತ್ತದೆ.

ಆ ಗರಗರ ಗಂಟಲಿನವಳೇ ಒಮ್ಮೆ ಅಂದಳು:
"ನಿಮ್ಮ ಪಾಠವನ್ನೇ ರೆಕಾರ್ಡ್ ಮಾಡಿ ಕೇಳಿ.
ಎದೆ ಗಟ್ಟಿಯಿದ್ದರೆ."

ಏಪ್ರನ್ ಜೇಬಲ್ಲಿ ಫೋನಿಟ್ಟು ಭಿನ್ನರಾಶಿ ಮಾಡಿದೆ.
ಶುಕ್ರವಾರ ವಾಪಸು ದಾರಿಯಲ್ಲಿ ಕೇಳಿದೆ.
ಅಯ್ಯೋ, ಎಷ್ಟು ಮಾತು!
ನಲವತ್ತು ನಿಮಿಷದಲ್ಲಿ ಮೂವತ್ತಾರು ನಾನೇ.
ಕೇಳುವುದೂ ನಾನೇ, ಉತ್ತರ ಕೊಡುವುದೂ ನಾನೇ,
"ಅಲ್ಲವಾ ಮಕ್ಕಳೇ" ಎಂಬುದು ಐವತ್ತೊಂದು ಸಲ.
ಒಲೆಯ ಚಟಪಟದ ಹಿಂದೆ, ಕುರ್ಚಿ ಎಳೆದ ಸದ್ದಿನ ಹಿಂದೆ
ಒಂದು ಸಣ್ಣ ದನಿ:
"ಆದರೆ, ಟೀಚರ್..."
ಮತ್ತೆ, "ಆದರೆ, ಟೀಚರ್..."
ಮೂರನೆಯ ಸಲಕ್ಕೆ ಬರೀ "ಆದರೆ".

ಎಲಿಯೆಸೆರ್. ಕಿಟಕಿ ಪಕ್ಕದವನು.
ವರದಿಯಲ್ಲಿ ನಾನೇ ಬರೆದಿದ್ದೆ: ಪಾಠದಲ್ಲಿ ಆಸಕ್ತಿಯಿಲ್ಲ.

ಶನಿವಾರ, ಭಾನುವಾರ ಆ 'ಆದರೆ'
ನನ್ನ ಅಡುಗೆಮನೆಯಲ್ಲೇ ಠಿಕಾಣಿ ಹೂಡಿತು.
ಸೋಮವಾರ ಕೇಳಿದೆ. "ಮರೆತುಹೋಯ್ತು" ಎಂದ,
ಬೂಟಿನ ತುದಿ ನೋಡುತ್ತ.
ನ್ಯಾಯವೇ.

ಅದೇ ಲೆಕ್ಕ ಮತ್ತೆ ಬರೆದೆ:
ಇಪ್ಪತ್ತೈದು ಕುರಿ, ಇಬ್ಬರು ಅಣ್ಣತಮ್ಮಂದಿರು.
ಕೇಳಿ, ಬಾಯಿ ಮುಚ್ಚಿದೆ.
ಒಂದು. ಎರಡು. ಮಾಡಿನ ತಗಡು ನಡುಗಿತು.
ಮೂರು. ನಾಲ್ಕು.
ಐದಕ್ಕೆ ಪುಟ್ಟ ಫ್ಲೊರಿಸಾ ಗಾಬರಿಯಾಗಿ,
"ಟೀಚರ್, ನಿಮಗೆ ಹುಷಾರಿಲ್ವಾ?"
ಎಲ್ಲರೂ ನಕ್ಕರು. ಎಣಿಕೆ ತಪ್ಪಿತು. ಮತ್ತೆ ಒಂದರಿಂದ.

ಎಷ್ಟಕ್ಕೋ ತಿಳಿಯದು, ಕಿಟಕಿ ಪಕ್ಕದಿಂದ ಬಂತು:
"ಆದರೆ, ಟೀಚರ್,
ಹನ್ನೆರಡೂವರೆ ಕುರಿ ಅಂದರೆ
ಒಂದನ್ನು ಕೊಲ್ಲಬೇಕಲ್ಲ.
ಯಾವುದನ್ನು ಅಂತ ಯಾರು ಹೇಳ್ತಾರೆ?"

ನನಗೆ ಉತ್ತರ ಗೊತ್ತಿರಲಿಲ್ಲ.
ಫೋನಿನೊಳಗಿನ ಯಾರಿಗೂ ಗೊತ್ತಿರಲಾರದು.
ಸೀಮೆಸುಣ್ಣ ಅವನ ಕೈಗೆ ಕೊಟ್ಟು
ಅವನ ಜಾಗದಲ್ಲಿ ಕುಳಿತೆ.
ಅಲ್ಲಿಂದ ರಸ್ತೆ ಪೂರ್ತಿ ಕಾಣುತ್ತದೆ,
ತಿರುವಿನವರೆಗೂ.
ಗೊತ್ತೇ ಇರಲಿಲ್ಲ.